ಕಳಿತ ಹಣ್ಣಿಗೆ ಅಡುಗೆಮನೆಯಲ್ಲಿ ದಾರಿ: ಬಾಳೆಗೊನೆಯಿಂದ ತುಳುವ ಹಲಸಿನವರೆಗೆ

ವಿಷುವಿನಿಂದ ಪತ್ತನಾಜೆಯ ತನಕ (ಏಪ್ರಿಲ್ ನಡುವಿನಿಂದ ಮೇ ಕೊನೆಯ ವಾರದವರೆಗೆ) ಕಾಸರಗೋಡಿನ ತೋಟದ ಮನೆಗಳಲ್ಲಿ ಹಣ್ಣಿಗೆ ಬರವಿಲ್ಲ, ತಿನ್ನುವ ಬಾಯಿಗಳಿಗೆ ಬರ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದಾರೆ. ಮನೆಯಲ್ಲಿ ಉಳಿದವರು ಇಬ್ಬರು, ಹೆಚ್ಚೆಂದರೆ ಮೂವರು. ಬಾಳೆಗೊನೆ ಮಾತ್ರ ಕೂಡುಕುಟುಂಬದ ಕಾಲದಷ್ಟೇ ದೊಡ್ಡದು, ಹಲಸಿನ ಮರವೂ ತನ್ನ ಲೆಕ್ಕ ಬದಲಿಸಿಲ್ಲ. ಗೊನೆ ಹಣ್ಣಾಗಲು ತೊಡಗಿದರೆ ನಾಲ್ಕೈದು ದಿನಗಳೊಳಗೆ ಇಡೀ ಗೊನೆ ಹಣ್ಣು. ತೋಟವಿಲ್ಲದ ಪೇಟೆಯ ಮನೆಗಳಿಗೂ ಈ ಸಂಕಟ ತಪ್ಪಿದ್ದಲ್ಲ: ಗಣಹೋಮವೋ ಸತ್ಯನಾರಾಯಣ ಪೂಜೆಯೋ ಮುಗಿದ ಮರುದಿನ ನೈವೇದ್ಯದ ಬಾಳೆಹಣ್ಣು ಬುಟ್ಟಿಯಲ್ಲೇ ಕಪ್ಪಾಗುತ್ತಾ ಕೂರುತ್ತದೆ.

ನಮ್ಮ ಕಡೆಯ ಅಡುಗೆಗೆ ಒಂದು ಅನುಕೂಲವಿದೆ. ಇಲ್ಲಿನ ಎಷ್ಟೋ ತಿಂಡಿಗಳಿಗೆ ತಟ್ಟೆಗೆ ಹಾಕಿ ಕೊಡಬಹುದಾದ ಹಣ್ಣಿಗಿಂತ ಆ ಹದವನ್ನು ದಾಟಿದ ಹಣ್ಣೇ ಬೇಕು. ಹಳದಿ ಬಾಳೆಹಣ್ಣಿನಲ್ಲಿ ಮಾಡಿದ ಬನ್ಸ್ ಪೂರಿಯಾಗುತ್ತದೆಯೇ ಹೊರತು ಬನ್ಸ್ ಆಗುವುದಿಲ್ಲ. ಆದ್ದರಿಂದ ಎಲ್ಲವೂ ಮೆತ್ತಗಾದ ಮೇಲೆ ತಲೆಗೆ ಕೈಹೊತ್ತು ಕೂರುವ ಬದಲು, ದಿನವೂ ಸಂಜೆ ಹಣ್ಣನ್ನೊಮ್ಮೆ ಮುಟ್ಟಿ ನೋಡಿ, ಅದು ಯಾವ ಹಂತದಲ್ಲಿದೆಯೋ ಆ ಹಂತದ ಅಡುಗೆಗೆ ಕೊಡುವುದು ಒಳ್ಳೆಯದು.

ಮೊದಲು ಮೂಗು, ಆಮೇಲೆ ಚೂರಿ

ಕಳಿತದ್ದು ಬೇರೆ, ಕೊಳೆತದ್ದು ಬೇರೆ. ಮಿತವ್ಯಯದ ಹೆಸರಿನಲ್ಲಿ ಕೊಳೆತದ್ದನ್ನು ಬೇಯಿಸುವ ಹಟ ಬೇಡ.

ಬಾಳೆಹಣ್ಣಿನ ಸಿಪ್ಪೆ ಪೂರ್ತಿ ಕಪ್ಪಾಗಿದ್ದರೂ ಒಳಗಿನ ತಿರುಳು ಕೆನೆ ಬಣ್ಣ ಅಥವಾ ತಿಳಿಗಂದು ಬಣ್ಣದಲ್ಲಿದ್ದು ಸಿಹಿ ಪರಿಮಳ ಬರುತ್ತಿದ್ದರೆ ಅದು ಒಳ್ಳೆಯ ಸಾಮಗ್ರಿ. ಪೆಟ್ಟು ಬಿದ್ದು ಮೆತ್ತಗಾದ ಜಾಗವನ್ನು ಕತ್ತರಿಸಿ ತೆಗೆದರೆ ಸಾಕು. ಆದರೆ ಬಿಳಿಯದೋ ಹಸಿರೋ ಬೂಷ್ಟು ಕಂಡರೆ ಆ ಹಣ್ಣು ಪೂರ್ತಿಯಾಗಿ ಹೊರಗೆ. ಮೆತ್ತಗಿನ ಹಣ್ಣಿನಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ. ಕೆಲವು ಬಗೆಯ ಬೂಷ್ಟು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ನೊರೆ, ಲೋಳೆ, ಹೆಂಡದಂತಹ ಹುಳಿ ವಾಸನೆ, ಸಿಪ್ಪೆಯಿಂದ ಜಿನುಗುವ ನೀರು, ಇವುಗಳಲ್ಲಿ ಯಾವುದೊಂದು ಕಂಡರೂ ಅದನ್ನು ಬಿಟ್ಟುಬಿಡಿ. ಬೆಲ್ಲ, ಏಲಕ್ಕಿ ಹಾಕಿ ಆ ವಾಸನೆಯನ್ನು ಮುಚ್ಚಬಹುದು ಎಂದುಕೊಂಡವರು ಕೊನೆಗೆ ಬೆಲ್ಲವನ್ನೂ ಕಳೆದುಕೊಳ್ಳುತ್ತಾರೆ.

ವಿಂಗಡಿಸುವಾಗ ಮೂರು ಪಾಲು ಮಾಡಿ. ಇಂದು ನಾಳೆ ಹಾಗೆಯೇ ತಿನ್ನಬಹುದಾದದ್ದು ಒಂದು. ಮೆತ್ತಗಾಗಿ ಹಿಟ್ಟಿಗೆ ಕಲಸಲು ಸಿದ್ಧವಾದದ್ದು ಇನ್ನೊಂದು. ಇಂದು ರಾತ್ರಿಯೇ ಒಲೆಗೆ ಅಥವಾ ಫ್ರೀಜರಿಗೆ ಹೋಗಬೇಕಾದದ್ದು ಮೂರನೆಯದು. ಕಳಿತ ಹಣ್ಣನ್ನು ಉಳಿದವುಗಳ ಜೊತೆ ಇಡಬೇಡಿ. ಹಣ್ಣಾಗುವಾಗ ಹೊರಬರುವ ಎಥಿಲೀನ್ ಅನಿಲ ಪಕ್ಕದ ಕಾಯಿಗಳನ್ನೂ ಬೇಗ ಹಣ್ಣು ಮಾಡುತ್ತದೆ. ಇಡೀ ಗೊನೆ ಒಂದೇ ಸಲಕ್ಕೆ ಹಣ್ಣಾಗುವುದು ಬೇಡವಾದರೆ ಚಿಪ್ಪುಗಳನ್ನು ಬಿಡಿಸಿ, ಗಾಳಿಯಾಡುವ ತಂಪು ಜಾಗದಲ್ಲಿ ದೂರದೂರ ಇಡಿ. ಮೊದಲು ಹಣ್ಣಾದ ಚಿಪ್ಪನ್ನು ಆ ಕೋಣೆಯಿಂದಲೇ ಹೊರಗೆ ತನ್ನಿ.

ಬಾಳೆಹಣ್ಣು: ಎಲ್ಲಕ್ಕೂ ಒಂದೇ ಮದ್ದಲ್ಲ

ಕಾಯಿಬಾಳೆಯ ತೂಕದಲ್ಲಿ ಶೇಕಡಾ 20ರಷ್ಟು ಪಿಷ್ಟವಿರುತ್ತದೆ. ಪೂರ್ತಿ ಕಳಿಯುವ ಹೊತ್ತಿಗೆ ಅದು ಶೇಕಡಾ ಒಂದೆರಡಕ್ಕೆ ಇಳಿದು ಉಳಿದದ್ದು ಸಕ್ಕರೆಯಾಗುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಅಡುಗೆಯ ಅರ್ಧ ಗೊಂದಲ ಹೋಗುತ್ತದೆ: ಕಪ್ಪು ಸಿಪ್ಪೆಯ ಹಣ್ಣು ಹಾಕಿದಾಗ ಹಿಟ್ಟು ನೀರಾಗುವುದು, ಕಾವಲಿಯಲ್ಲಿ ಬೇಗ ಕೆಂಪಾಗುವುದು, ಹಾಕಿದ ಬೆಲ್ಲ ಹೆಚ್ಚೆನಿಸುವುದು ಎಲ್ಲವೂ ಇದರಿಂದಲೇ. ಆದ್ದರಿಂದ ಪುಸ್ತಕದಲ್ಲಿರುವ ಸಿಹಿಯ ಅಳತೆಯ ಅರ್ಧದಿಂದ ತೊಡಗಿ, ಉರಿ ಸಣ್ಣದಾಗಿಡಿ.

ತಳಿಯೂ ಮುಖ್ಯ. ಮೈಸೂರು ಬಾಳೆಗೆ ತುಸು ಹುಳಿ ಇರುವುದರಿಂದ ಬನ್ಸ್, ದೋಸೆಗೆ ಅದೇ ಒಳ್ಳೆಯದು. ಕದಳಿ ಬಲು ಸಿಹಿ, ಅಪ್ಪಕ್ಕೆ ಸರಿ. ನೇಂದ್ರಕ್ಕೆ ಹಲ್ವ. ಅಂಗಡಿಯ ಪಚ್ಚಬಾಳೆ ಕಳಿತಾಗ ನೀರು ಹೆಚ್ಚು, ಪರಿಮಳ ಕಡಿಮೆ. ಬನ್ಸಿಗೆ ಆದೀತು, ಹಿಟ್ಟು ಒಂದು ಹಿಡಿ ಹೆಚ್ಚು ಬೇಕು.

ಬನ್ಸ್ ಮಾಡುವ ಕ್ರಮ ಹೀಗೆ:

1. ಕಳಿತ ಮೈಸೂರು ಬಾಳೆಹಣ್ಣು ಮೂರನ್ನು ಕೈಯಲ್ಲೇ ಕಿವುಚಿ. ಮಿಕ್ಸಿ ಬೇಡ, ಅದು ಹಣ್ಣನ್ನು ನೀರು ಮಾಡುತ್ತದೆ.
2. ಎರಡು ಚಮಚ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ಚಮಚ ಜೀರಿಗೆ, ಎರಡು ದೊಡ್ಡ ಚಮಚ ಹುಳಿ ಮೊಸರು, ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ.
3. ಇದು ಹಿಡಿಯುವಷ್ಟು ಮೈದಾ, ಅಂದಾಜು ಎರಡು ಕಪ್, ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕಲಸಿ. ನೀರು ಒಂದು ಹನಿಯೂ ಬೇಡ. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗಿದ್ದು ಬೆರಳಿಗೆ ತುಸು ಅಂಟಬೇಕು. ಅರ್ಧ ಪಾಲು ಗೋಧಿ ಹಿಟ್ಟು ಹಾಕಿದರೂ ನಡೆಯುತ್ತದೆ, ಉಬ್ಬುವುದು ಸ್ವಲ್ಪ ಕಡಿಮೆ.
4. ಮೇಲೆ ಎಣ್ಣೆ ಸವರಿ, ಮುಚ್ಚಿ, ಬೇಸಗೆಯಲ್ಲಿ ನಾಲ್ಕು ಗಂಟೆ, ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಿ.
5. ಅಂಗೈ ಅಗಲಕ್ಕೆ, ಪೂರಿಗಿಂತ ದಪ್ಪಕ್ಕೆ ಲಟ್ಟಿಸಿ. ಎಣ್ಣೆ ಹದವಾಗಿ ಕಾದಿರಲಿ. ಹೊಗೆಯಾಡುವ ಎಣ್ಣೆಗೆ ಬಿಟ್ಟರೆ ಹೊರಗೆ ಕಪ್ಪು, ಒಳಗೆ ಹಸಿ. ಸಟ್ಟುಗದಲ್ಲಿ ಎಣ್ಣೆ ಮೇಲಕ್ಕೆ ಚಿಮ್ಮಿಸುತ್ತಾ ಉಬ್ಬಿಸಿ.

ಎಣ್ಣೆಯ ಗೊಡವೆ ಬೇಡ ಎನ್ನುವವರಿಗೆ ಬಾಳೆಹಣ್ಣಿನ ದೋಸೆ. ಎರಡು ಕಪ್ ಬೆಳ್ತಿಗೆ (ಬಿಳಿ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಅರ್ಧ ಕಪ್ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಕೊನೆಗೆ ಮೂರು ನಾಲ್ಕು ಹಣ್ಣು ಹಾಕಿ ಇನ್ನೊಂದು ಸುತ್ತು ತಿರುಗಿಸಿ. ಉಪ್ಪು ಹಾಕಿ ಕೂಡಲೇ ಎರೆಯಬಹುದು, ಹುದುಗಬೇಕೆಂದಿಲ್ಲ. ಹಿಟ್ಟನ್ನು ತೆಳ್ಳಗೆ ಹರಡಬೇಡಿ. ಸೌಟಿನಷ್ಟು ಹೊಯ್ದು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಇದಕ್ಕೆ ತುಪ್ಪ ಸಾಕು. ಖಾರದ ಚಟ್ನಿಯನ್ನೂ ನಂಚಿಕೊಳ್ಳುವವರಿದ್ದಾರೆ. ಅವರ ಪಕ್ಷ ನನ್ನದೂ.

ಇದೇ ಹಿಟ್ಟು ಸ್ವಲ್ಪ ಗಟ್ಟಿಯಾಗಿದ್ದು, ಬೆಲ್ಲ, ಏಲಕ್ಕಿ, ತುಪ್ಪದಲ್ಲಿ ಹುರಿದ ತೆಂಗಿನ ಚೂರು ಸೇರಿದರೆ ಗುಳಿಯ ಕಾವಲಿಯಲ್ಲಿ ಅಪ್ಪವಾಗುತ್ತದೆ. ಮಧೂರು ದೇವಸ್ಥಾನದ ಅಪ್ಪ ಪ್ರಸಾದ ತಿಂದು ಬೆಳೆದವರು ಮನೆಯ ಅಪ್ಪವನ್ನು ಅದರ ಜೊತೆ ಹೋಲಿಸದೆ ಬಿಡುವುದಿಲ್ಲ, ಮನೆಯದು ಸೋಲದೆ ಇರುವುದೂ ಇಲ್ಲ. ಆದರೆ ಸಂಜೆಯ ಚಹಾಕ್ಕೆ ಕಪ್ಪಾದ ಕದಳಿಗೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ.

ನೇಂದ್ರ ಹಲ್ವಕ್ಕೆ ಸಿಪ್ಪೆ ಪೂರ್ತಿ ಕಪ್ಪಾಗುವ ತನಕ ಕಾಯಬೇಕು. ಒಂದು ಕಿಲೋ ತಿರುಳಿನ ನಡುವಿನ ಕಪ್ಪು ಬೀಜದ ಎಳೆಯನ್ನು ತೆಗೆದು, ಆವಿಯಲ್ಲಿ ಬೇಯಿಸಿ, ನುಣ್ಣಗೆ ಕಿವುಚಿ. ದಪ್ಪ ತಳದ ಬಾಣಲೆ ಅಥವಾ ಉರುಳಿಯಲ್ಲಿ ನೂರು ಗ್ರಾಂ ತುಪ್ಪದ ಅರ್ಧ ಪಾಲು ಹಾಕಿ ತಿರುಳನ್ನು ಬಾಡಿಸಿ. ಬಣ್ಣ ಬದಲಾದ ಮೇಲೆ ಕರಗಿಸಿ ಸೋಸಿದ ನಾನೂರು ಗ್ರಾಂ ಬೆಲ್ಲ ಹೊಯ್ಯಿರಿ. ಇನ್ನು ಸಟ್ಟುಗ ನಿಲ್ಲಬಾರದು. ಮುದ್ದೆ ತಳ ಬಿಟ್ಟು, ಅಂಚಿನಲ್ಲಿ ತುಪ್ಪ ಒಡೆಯುವಾಗ ಏಲಕ್ಕಿ ಹಾಕಿ, ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ಮುಕ್ಕಾಲು ಗಂಟೆಯ ಕೆಲಸ. ಮೊಬೈಲ್ ಹಿಡಿದುಕೊಂಡು ಮಾಡುವ ಅಡುಗೆ ಇದಲ್ಲ.

ರಸಾಯನಕ್ಕೆ ಮಾತ್ರ ಕಳಿತ ಹಣ್ಣು ಬೇಡ. ತೆಂಗಿನ ಹಾಲಿನಲ್ಲಿ ಹೋಳು ಹೋಳಾಗಿ ನಿಲ್ಲುವ ಹಣ್ಣು ಅದರ ಚಂದ. ಅತಿ ಮೆತ್ತಗಿನದು ಹಾಕಿದರೆ ಬರುವ ಗಂಜಿಯನ್ನು ನೆಂಟರಿಗೆ ಬಡಿಸಲಾಗದು.

ಹಲಸು: ಒಮ್ಮೆ ಕೈಹಾಕಿದರೆ ಮಧ್ಯಾಹ್ನವೆಲ್ಲ ಅದಕ್ಕೇ

2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಫಲವೆಂದು ಘೋಷಿಸಿತು. ಮರದಡಿ ಬಿದ್ದು ಕೊಳೆಯುವ ರಾಶಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಹಲಸಿನಲ್ಲಿ ಎರಡು ಬಗೆ: ಗಟ್ಟಿ ಸೊಳೆಯ ಬಕ್ಕೆ, ಮೆತ್ತಗಿನ ಸೊಳೆಯ ತುಳುವ. ಬಕ್ಕೆ ಕಳಿತರೂ ಸೊಳೆ ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ, ಒಂದು ದಿನ ಫ್ರಿಜ್‌ನಲ್ಲಿಟ್ಟು ತಿನ್ನಬಹುದು. ತುಳುವ ಹಾಗಲ್ಲ. ಬೆಳಗ್ಗೆ ಪರಿಮಳ ಬಂದರೆ ಸಂಜೆಗೆ ಒಡೆಯಬೇಕು, ಮರುದಿನಕ್ಕೆ ಹುಳಿ ಬರುತ್ತದೆ. ಜನ ತುಳುವವನ್ನು ಕೀಳಾಗಿ ನೋಡುವುದು ಸಿಪ್ಪೆ ಬಿಡಿಸಿ ಸೊಳೆ ಬಾಯಿಗಿಡುವವರ ಲೆಕ್ಕದಲ್ಲಿ. ಕೊಟ್ಟಿಗೆ (ಎಲೆಯಲ್ಲಿ ಬೇಯಿಸುವ ಕಡುಬು), ಮುಳ್ಕ (ಎಣ್ಣೆಯಲ್ಲಿ ಕರಿಯುವ ಉಂಡೆ), ಪೆರಟಿ (ಬೆಲ್ಲ ಹಾಕಿ ಮುದ್ದೆಯಾಗುವಂತೆ ಬತ್ತಿಸಿದ ರಸ) ಮಾಡುವವರ ಲೆಕ್ಕದಲ್ಲಿ ಬಕ್ಕೆಗಿಂತ ಅದೇ ಮೇಲು. ರಸ ಹೆಚ್ಚು, ಪರಿಮಳ ಹೆಚ್ಚು, ರುಬ್ಬುವ ಕಷ್ಟವೂ ಇಲ್ಲ.

ಮೊದಲು ತಯಾರಿ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ. ಕೈಗೂ ಚೂರಿಗೂ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಮೇಣ ಅಂಟಿದ ಮೇಲೆ ಸಾಬೂನಿನಿಂದ ಉಜ್ಜುವುದು ದಂಡ, ಆಗಲೂ ಎಣ್ಣೆಯೇ ಗತಿ. ತುಳುವದ ಸೊಳೆಯಿಂದ ಬೀಜ ಬಿಡಿಸಲು ಕಣ್ಣು ದೊಡ್ಡದಾದ ಜರಡಿಯ ಮೇಲೆ, ಅಥವಾ ಮನೆಯಲ್ಲಿದ್ದರೆ ಬೆತ್ತದ ಬುಟ್ಟಿಯಲ್ಲಿ, ಕೈಯಿಂದ ಉಜ್ಜಿದರೆ ರಸ ಕೆಳಗಿಳಿದು ನಾರು ಮತ್ತು ಬೀಜ ಮೇಲೆ ನಿಲ್ಲುತ್ತದೆ. ಬೀಜವನ್ನು ಎಸೆಯಬೇಡಿ. ತೊಳೆದು, ನೆರಳಿನಲ್ಲಿ ಒಣಗಿಸಿ ಇಟ್ಟರೆ ಮಳೆಗಾಲದ ಸಾರು, ಪಲ್ಯಕ್ಕೆ ಆಗುತ್ತದೆ.

ಹಲಸಿನ ಹಣ್ಣಿನ ಕೊಟ್ಟಿಗೆ, ಮಂಗಳೂರಿನ ಕಡೆಯವರು ಗಟ್ಟಿ ಎನ್ನುವುದು, ಹೀಗೆ:

1. ಎರಡು ಕಪ್ ಬೆಳ್ತಿಗೆ ಅಕ್ಕಿಯನ್ನು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದುಬಿಡಿ. ಈ ತಿಂಡಿ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಅಕ್ಕಿಯಲ್ಲಿ ಉಳಿದ ನೀರಿನಿಂದ.
2. ಮೂರು ಕಪ್ ಹಣ್ಣಿನ ರಸದೊಂದಿಗೆ ಅಕ್ಕಿಯನ್ನು ರವೆಯ ಹದಕ್ಕೆ ರುಬ್ಬಿ. ಬೇರೆ ನೀರು ಸೇರಿಸಬೇಡಿ. ಒಂದು ಕಪ್ ತೆಂಗಿನತುರಿ, ಅರ್ಧ ಕಪ್ ಬೆಲ್ಲ, ಅರ್ಧ ಚಮಚ ಉಪ್ಪು, ಏಲಕ್ಕಿ ಸೇರಿಸಿ. ಹಣ್ಣು ಬಹಳ ಸಿಹಿಯಾಗಿದ್ದರೆ ಬೆಲ್ಲ ಬಿಟ್ಟುಬಿಡಿ, ಉಪ್ಪನ್ನು ಬಿಡಬೇಡಿ.
3. ಬಾಳೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ. ಒಂದು ಸೌಟು ಹಿಟ್ಟು ಹಾಕಿ, ನಾಲ್ಕೂ ಬದಿ ಮಡಚಿ, ಮಡಚಿದ ಭಾಗ ಕೆಳಗೆ ಬರುವಂತೆ ಅಟ್ಟಿನಳಗೆಯಲ್ಲಿ (ಹಬೆಯಲ್ಲಿ ಬೇಯಿಸುವ ಪಾತ್ರೆ) ಜೋಡಿಸಿ. ತೇಗದ ಎಳೆ ಎಲೆ ಸಿಕ್ಕಿದರೆ ಕೊಟ್ಟಿಗೆಗೆ ಕೆಂಪು ಬಣ್ಣವೂ ಬೇರೆಯೇ ಪರಿಮಳವೂ ಬರುತ್ತದೆ.
4. ನೀರು ಕುದಿಯತೊಡಗಿದ ಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಬೆಯಲ್ಲಿ ಬೇಯಿಸಿ. ಬಿಸಿಯಲ್ಲಿ ಬಿಡಿಸಿದರೆ ಎಲೆಗೆ ಅಂಟುತ್ತದೆ. ಹತ್ತು ನಿಮಿಷ ತಾಳಿ.

ತುಪ್ಪದೊಂದಿಗೆ ತಿನ್ನಿ. ಮರುದಿನ ಉಳಿದದ್ದನ್ನು ತುಂಡು ಮಾಡಿ ಕಾವಲಿಯಲ್ಲಿ ತುಪ್ಪ ಹಾಕಿ ಕೆಂಪಗೆ ಕಾಯಿಸಿದರೆ ಮೊದಲ ದಿನದ್ದಕ್ಕಿಂತ ರುಚಿ. ಅದಕ್ಕೆಂದೇ ನಾಲ್ಕು ಹೆಚ್ಚು ಮಾಡಿಡುವ ಮನೆಗಳಿವೆ.

ಮುಳ್ಕಕ್ಕೆ ಇದೇ ಹಿಟ್ಟು, ಇನ್ನೂ ಗಟ್ಟಿ. ರಸ ಎರಡು ಕಪ್ ಸಾಕು. ಒಂದು ಚಮಚ ಎಳ್ಳು ಹಾಕಿ, ಬೆರಳ ತುದಿಯಿಂದ ಗೋಲಿಯಾಗಿ ಎಣ್ಣೆಗೆ ಬಿಡಿ. ಹಿಟ್ಟು ಸಡಿಲವಾದರೆ ಎಣ್ಣೆ ಕುಡಿಯುತ್ತದೆ. ಆಗ ಒಂದೆರಡು ಚಮಚ ಅಕ್ಕಿ ಹಿಟ್ಟು ಸೇರಿಸಿದರೆ ಸರಿಯಾಗುತ್ತದೆ.

ಇವೆಲ್ಲ ಎರಡು ದಿನದ ಮಾತು. ಮೂರು ನಾಲ್ಕು ಹಣ್ಣು ಒಟ್ಟಿಗೆ ಬಿದ್ದರೆ ಪೆರಟಿಯೇ ದಾರಿ. ಕಿಲೋ ರಸಕ್ಕೆ ಅರ್ಧ ಕಿಲೋ ಬೆಲ್ಲ ಎಂಬ ಅಳತೆ ಸಾಮಾನ್ಯ. ಮೊದಲು ರಸವನ್ನು ಮಾತ್ರ ಉರುಳಿಯಲ್ಲಿ ಕಾಯಿಸಿ ನೀರಿನಂಶ ಆರಿಸಿ, ಮುದ್ದೆಯಾಗತೊಡಗಿದಾಗ ಬೆಲ್ಲ ಹಾಕಿ. ಮೊದಲೇ ಬೆಲ್ಲ ಹಾಕಿದರೆ ತಳ ಹಿಡಿಯುತ್ತದೆ. ಗಟ್ಟಿಯಾಗುತ್ತಾ ಬಂದ ಹಾಗೆ ರಸ ಸಿಡಿದು ಕೈ ಸುಡುತ್ತದೆ, ಉದ್ದ ಹಿಡಿಯ ಸಟ್ಟುಗ ಇರಲಿ. ಸಟ್ಟುಗದಿಂದ ಬೀಳದೆ ನಿಂತು, ಉಂಡೆ ಕಟ್ಟಿದರೆ ಕೈಗೆ ಅಂಟದಿದ್ದರೆ ಹದ ಬಂತು. ತುಪ್ಪವನ್ನು ಕೊನೆಗೆ ಎರಡು ಚಮಚ ಹಾಕಿದರೆ ಸಾಕು. ಪೂರ್ತಿ ತಣಿಸಿ, ಒಣಗಿದ ಭರಣಿಯಲ್ಲಿ ಒತ್ತಿ ತುಂಬಿ. ತೆಗೆಯುವ ಚಮಚಕ್ಕೆ ನೀರು ತಾಗಬಾರದು. ನೀರು ಸರಿಯಾಗಿ ಆರಿದ ಪೆರಟಿ ತಿಂಗಳುಗಟ್ಟಲೆ ಇರುತ್ತದೆ. ಅವಸರದಲ್ಲಿ ಇಳಿಸಿದ್ದು ಮಾತ್ರ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ನೀರು ಪೂರ್ತಿ ಆರಿಲ್ಲವೆನಿಸಿದ್ದನ್ನು ಮೊದಲೇ ಫ್ರಿಜ್‌ಗೆ ಸೇರಿಸಿಬಿಡಿ.

ಪೆರಟಿಯನ್ನು ಪತ್ತನಾಜೆಯ ಒಳಗೆ ಮುಗಿಸುವುದು ಮೇಲು. ಮಳೆ ಹಿಡಿದ ಮೇಲಿನ ಹಲಸು ನೀರು ಕುಡಿದು ಸಪ್ಪೆಯಾಗುತ್ತದೆ, ಒಲೆಯ ಮುಂದೆ ನಿಲ್ಲುವ ಹೊತ್ತು ಬೆಳೆಯುತ್ತದೆ, ಬೆಲ್ಲವೂ ಹೆಚ್ಚು ಹಿಡಿಯುತ್ತದೆ. ಹಾಗೆ ಸಂಗ್ರಹಿಸಿದ ಪೆರಟಿಯ ಒಂದು ಉಂಡೆಯನ್ನು ತೆಳು ತೆಂಗಿನ ಹಾಲಿನಲ್ಲಿ ಕದಡಿ ಕುದಿಸಿ, ಕೊನೆಗೆ ದಪ್ಪ ಹಾಲು ಸೇರಿಸಿದರೆ ಕಾಲು ಗಂಟೆಯಲ್ಲಿ ಪಾಯಸ. ಆಟಿಯಲ್ಲಿ ಬರುವ ಅನಿರೀಕ್ಷಿತ ನೆಂಟರಿಗೆ ಇದಕ್ಕಿಂತ ದೊಡ್ಡ ಉಪಚಾರವಿಲ್ಲ.

ಕಾಟು (ಕಾಡು) ಮಾವು

ಗಾಳಿಗೆ ಉದುರಿದ ಮಾವಿನಹಣ್ಣನ್ನು ಹಿಂಡುವ ಮೊದಲು ಒಂದೊಂದನ್ನೂ ಸೀಳಿ ನೋಡಿ. ಮಳೆ ಬಿದ್ದ ಮೇಲಿನ ಹಣ್ಣಿನಲ್ಲಿ ಹಣ್ಣುನೊಣದ ಬಿಳಿ ಹುಳು ಸಾಮಾನ್ಯ. ಹೊರಗೆ ಒಂದು ಸಣ್ಣ ಚುಕ್ಕೆಯಷ್ಟೇ ಕಾಣುತ್ತದೆ.

ಒಳ್ಳೆಯದಾಗಿ ಉಳಿದದ್ದಕ್ಕೆ ಮೊದಲ ದಾರಿ ಗೊಜ್ಜು. ಐದಾರು ಹಣ್ಣಿನ ಸಿಪ್ಪೆ ತೆಗೆದು, ಗೊರಟಿನ ಜೊತೆಯಲ್ಲೇ ಕಿವುಚಿ. ಸಿಪ್ಪೆಯನ್ನೂ ಒಂದಿಷ್ಟು ನೀರಿನಲ್ಲಿ ಹಿಂಡಿ ಆ ನೀರನ್ನು ಸೇರಿಸಿ, ರುಚಿ ಅದರಲ್ಲಿಯೇ ಇರುವುದು. ಉಪ್ಪು, ನುರಿದ ಹಸಿಮೆಣಸು, ಹಣ್ಣು ಹುಳಿಯಾಗಿದ್ದರೆ ಬೆಲ್ಲ. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಬೆಳ್ಳುಳ್ಳಿಯ ಒಗ್ಗರಣೆ. ಒಲೆಯ ಮೇಲಿಡುವುದು ಒಗ್ಗರಣೆಯನ್ನು ಮಾತ್ರ. ಕುಚ್ಚಲಕ್ಕಿ ಅನ್ನ ಇದ್ದರೆ ಬೇರೆ ಪದಾರ್ಥ ಬೇಕಿಲ್ಲ. ಹಸಿಯಾದ್ದರಿಂದ ಅದೇ ದಿನ ಮುಗಿಸಿ.

ಎರಡನೆಯದು ಮಾಂಬಳ. ರಸವನ್ನು ಸೋಸಿ, ಎಣ್ಣೆ ಸವರಿದ ತಟ್ಟೆಗೋ ಶುಚಿಯಾದ ಓಲೆಯ ಚಾಪೆಗೋ ತೆಳ್ಳಗೆ ಹಚ್ಚಿ ಬಿಸಿಲಿಗಿಡಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹೀಗೆ ದಿನಕ್ಕೊಂದರಂತೆ ಹಚ್ಚುತ್ತಾ ಬೆರಳಿನಷ್ಟು ದಪ್ಪ ಬಂದಾಗ ಕತ್ತರಿಸಿ ಇಡಿ. ಇದಕ್ಕೆ ಹಲವು ದಿನಗಳ ಗಟ್ಟಿ ಬಿಸಿಲು ಬೇಕು. ಏಪ್ರಿಲ್ ಕೊನೆಯ ಒಳಗಿನ ಹಣ್ಣಿಗೆ ಸರಿ, ಮೇ ತಿಂಗಳ ಸಂಜೆ ಗುಡುಗಿನ ದಿನಗಳಲ್ಲಿ ಒಂದು ಪದರ ಒಣಗುವ ಮುಂಚೆಯೇ ಹುಳಿ ಬರುತ್ತದೆ. ಮೋಡ ಕಂಡರೆ ಈ ಸಾಹಸ ಬಿಟ್ಟು ರಸವನ್ನು ಕಾಯಿಸಿ ಫ್ರೀಜರಿಗೆ ಕಳಿಸಿ.

ತೆಂಗಿನತುರಿ, ಸಾಸಿವೆ, ಹಸಿಮೆಣಸು ರುಬ್ಬಿ ಮೊಸರಿನೊಂದಿಗೆ ಕಲಸಿದ ಸಾಸಿವೆಗೂ ಮಾವಿನಹಣ್ಣು ಚೆನ್ನಾಗಿ ಒಗ್ಗುತ್ತದೆ.

ಅನಾನಸು, ಪಪ್ಪಾಯಿ: ಹಾಲು ಮೊಸರಿನ ಜೊತೆ ಎಚ್ಚರ

ಅನಾನಸಿನ ಸಾಸಿವೆ ಮಾಡಿ ಒಂದು ಗಂಟೆಯಲ್ಲೇ ಕಹಿಯಾಯಿತು ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ತಪ್ಪು ಮೊಸರಿನದಲ್ಲ. ಅನಾನಸಿನಲ್ಲಿ ಬ್ರೊಮೆಲೇನ್ ಎಂಬ ಕಿಣ್ವವಿದೆ. ಅದು ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿ ತರುತ್ತದೆ. ಪಪ್ಪಾಯಿಯ ಪಪೇನ್ ಮಾಡುವುದೂ ಇದನ್ನೇ. ಹೋಳುಗಳನ್ನು ಐದಾರು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ. ಪೂರ್ತಿ ತಣಿಸಿದ ಮೇಲೆ ಮೊಸರು ಬೆರೆಸಿ.

ಅನಾನಸು ಕಳಿತಾಗ ಮೊದಲು ಹುಳಿಯುವುದು ಬುಡ. ಒಂದು ಅಂಗುಲ ಬುಡ ಕತ್ತರಿಸಿ, ಉಳಿದದ್ದರ ವಾಸನೆ ನೋಡಿ ಮುಂದುವರಿಯಿರಿ. ಅತಿ ಸಿಹಿಯಾದ ಹಣ್ಣಿಗೆ ಮೆಣಸ್ಕಾಯಿಯೇ ತಕ್ಕ ಅಡುಗೆ: ಕೊತ್ತಂಬರಿ, ಉದ್ದಿನಬೇಳೆ, ಒಣಮೆಣಸು, ಎಳ್ಳನ್ನು ಎಣ್ಣೆ ಹಾಕಿ ಹುರಿದು, ತೆಂಗಿನತುರಿಯೊಂದಿಗೆ ರುಬ್ಬಿ, ಬೆಂದ ಹೋಳಿಗೆ ಸೇರಿಸಿ ಕುದಿಸುವುದು. ಸಾಮಾನ್ಯವಾಗಿ ಹಾಕುವ ಬೆಲ್ಲವನ್ನು ಅರ್ಧ ಮಾಡಿ. ಹುಣಸೆ ಮತ್ತು ಮೆಣಸನ್ನು ಸ್ವಲ್ಪ ಏರಿಸಿ.

ಅನಾನಸಿನ ಸಿಪ್ಪೆಯಿಂದ ವಿನೆಗರ್ ಮಾಡಬಹುದು. ಚೆನ್ನಾಗಿ ತೊಳೆದ ಒಂದು ಹಣ್ಣಿನ ಸಿಪ್ಪೆಯನ್ನು ಗಾಜಿನ ಜಾಡಿಗೆ ಹಾಕಿ, ಒಂದು ಲೀಟರ್ ಕುದಿಸಿ ತಣಿಸಿದ ನೀರಿನಲ್ಲಿ ನೂರು ಗ್ರಾಂ ಬೆಲ್ಲ ಕರಗಿಸಿ ಹೊಯ್ದು, ಬಾಯಿಗೆ ಬಟ್ಟೆ ಕಟ್ಟಿ. ದಿನಕ್ಕೊಮ್ಮೆ ಮರದ ಚಮಚದಿಂದ ಕಲಕಿ. ವಾರದ ನಂತರ ಸೋಸಿ, ಹುಳಿ ಬಲಿಯುವ ತನಕ ಇನ್ನೂ ಮೂರು ನಾಲ್ಕು ವಾರ ಹಾಗೆಯೇ ಬಿಡಿ. ಬಿರಡೆ ಹಾಕಿ ಬಿಗಿಯುವುದು ಅಪಾಯ, ಒಳಗಿನ ಅನಿಲಕ್ಕೆ ಬಾಟಲಿ ಒಡೆದೀತು. ಇದರ ಆಮ್ಲದ ಪ್ರಮಾಣ ಪ್ರತಿ ಸಲವೂ ಬೇರೆ ಬೇರೆ, ಆದ್ದರಿಂದ ಉಪ್ಪಿನಕಾಯಿ ಕೆಡದಂತೆ ಇಡಲು ಇದನ್ನು ನಂಬಬೇಡಿ. ಸಲಾಡ್, ಸೌತೆಕಾಯಿ ಹೋಳಿಗೆ ಚಿಮುಕಿಸಲು ಒಳ್ಳೆಯದು.

ಮೆತ್ತಗಾದ ಪಪ್ಪಾಯಿಗೆ ಹಲ್ವ ಒಂದೇ ನನಗೆ ಒಪ್ಪಿಗೆಯಾದ ದಾರಿ. ನೇಂದ್ರದ ಕ್ರಮವೇ, ನೀರು ಹೆಚ್ಚಿರುವುದರಿಂದ ಮೊದಲು ತಿರುಳನ್ನು ಬತ್ತಿಸಿ. ಒಂದು ಚಮಚ ನಿಂಬೆರಸ ಹಾಕಿದರೆ ಪಪ್ಪಾಯಿಯ ಆ ಮಂದ ವಾಸನೆ ಅಡಗುತ್ತದೆ.

ಗೇರುಹಣ್ಣು

ಬೀಜಕ್ಕೆ ಬೆಲೆಯಿದೆ, ಹಣ್ಣಿಗೆ ಇಲ್ಲ ಎಂದು ಗುಡ್ಡದಲ್ಲೇ ಬಿಟ್ಟುಬರುವ ಈ ಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ. ತೊಡಕು ಎರಡು: ಬಿದ್ದ ದಿನವೇ ಕೆಡುತ್ತದೆ, ಗಂಟಲು ಕೆರೆಯುತ್ತದೆ. ಕೆರೆತಕ್ಕೆ ಕಾರಣ ಟ್ಯಾನಿನ್. ಅದನ್ನು ಪಿಷ್ಟದಿಂದ ತಳಕ್ಕಿಳಿಸಬಹುದು. ಬೆಳಗ್ಗೆ ಹೆಕ್ಕಿದ ಹಣ್ಣನ್ನು ತೊಳೆದು, ಹಿಂಡಿ, ರಸ ಸೋಸಿ. ಲೀಟರ್ ರಸಕ್ಕೆ ಐದು ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಬೇಯಿಸಿ ತಣಿಸಿ ಬೆರೆಸಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ಮರುದಿನ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದು ಸಕ್ಕರೆ, ನಿಂಬೆ ಸೇರಿಸಿ ಕುದಿಸಿದರೆ ಶರಬತ್ತಿಗೆ ಸಿದ್ಧ. ಸಾಬಕ್ಕಿ ಇಲ್ಲದಿದ್ದರೆ ಅನ್ನದ ಗಂಜಿಯಿಂದಲೂ ಕೆಲಸ ನಡೆಯುತ್ತದೆ.

ಉಳಿದವು

ಕಲ್ಲಂಗಡಿ ಒಳಗೆ ಹಿಟ್ಟುಹಿಟ್ಟಾದರೆ ಕೆಂಪು ಭಾಗದ ಮೇಲೆ ಆಸೆ ಬಿಟ್ಟು, ಕೆಡದೆ ಉಳಿದ ಸಿಪ್ಪೆಯ ಬಿಳಿ ತಿರುಳನ್ನು ಅಕ್ಕಿಯೊಂದಿಗೆ ರುಬ್ಬಿ ದೋಸೆ ಎರೆಯಿರಿ, ನೀರುದೋಸೆಗಿಂತಲೂ ಮೃದು. ಕರಬೂಜದ ಜಾತಿಯ ಇಬ್ಬುಡ್ಲ ಹಣ್ಣು ಒಡೆದು ಬಿರಿದರೆ ಚಿಂತೆಯಿಲ್ಲ, ಬೆಲ್ಲ ಮತ್ತು ತೆಂಗಿನ ಹಾಲಿನ ರಸಾಯನಕ್ಕೆ ಅದೇ ಹದ. ಚಿಕ್ಕುವನ್ನು ಹಾಲಿನೊಂದಿಗೆ ತಿರುಗಿಸಿ ಕುಡಿಯುವುದಕ್ಕಿಂತ ಹೆಚ್ಚಿನ ಶ್ರಮ ಬೇಡ. ಪೇರಳೆಯನ್ನು ಮಾತ್ರ ಜಾಮಿಗೆ ಎತ್ತಿಡಿ.

ಜಾಮ್ ಮತ್ತು ಫ್ರೀಜರ್

ಕಳಿತ ಹಣ್ಣು ಎಂದ ಕೂಡಲೇ ಜಾಮ್ ಎನ್ನುವವರು ಬಹಳ. ಆದರೆ ಜಾಮ್ ಗಟ್ಟಿಯಾಗಲು ಪೆಕ್ಟಿನ್ ಬೇಕು, ಹುಳಿ ಬೇಕು. ಹಣ್ಣು ಕಳಿತಷ್ಟೂ ಎರಡೂ ಕಡಿಮೆಯಾಗುತ್ತವೆ. ಅತಿ ಕಳಿತ ಅನಾನಸಿನದೋ ಮಾವಿನದೋ ಜಾಮ್ ಎಷ್ಟು ಕುದಿಸಿದರೂ ಪಾಕವಾಗಿಯೇ ಉಳಿಯುವುದು ಇದಕ್ಕೆ. ಕಾಲು ಪಾಲು ಗಟ್ಟಿ ಪೇರಳೆ ಅಥವಾ ಅರೆ ಹಣ್ಣು ಬೆರೆಸಿ, ಕಿಲೋ ತಿರುಳಿಗೆ ಎರಡು ನಿಂಬೆಯ ರಸ ಹಾಕಿ. ಸಕ್ಕರೆ ಮುಕ್ಕಾಲು ಕಿಲೋಗಿಂತ ಕಡಿಮೆ ಮಾಡಿದರೆ ಫ್ರಿಜ್‌ನಲ್ಲೇ ಇಡಬೇಕು. ತಣ್ಣಗಿನ ತಟ್ಟೆಗೆ ಒಂದು ಹನಿ ಹಾಕಿ ಬೆರಳಿನಿಂದ ತಳ್ಳಿದಾಗ ಸುಕ್ಕುಗಟ್ಟಿದರೆ ಇಳಿಸಿ.

ಕಾಸರಗೋಡಿನ ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬರುವುದು ಇದ್ದದ್ದೇ; ಆದರೂ ಸಣ್ಣ ಕುಟುಂಬಕ್ಕೆ ಫ್ರೀಜರ್‌ಗಿಂತ ಸುಲಭದ ಉಪಾಯವಿಲ್ಲ. ಬಾಳೆಹಣ್ಣನ್ನು ಸಿಪ್ಪೆ ಸುಲಿದೇ ಇಡಿ. ಸಿಪ್ಪೆಯೊಂದಿಗೆ ಇಟ್ಟದ್ದನ್ನು ಆಮೇಲೆ ಸುಲಿಯುವುದು ಕೈಗೆ ಶಿಕ್ಷೆ. ಹಲಸಿನ ರಸ, ಮಾವಿನ ರಸವನ್ನು ಒಂದು ಸಲದ ಅಡುಗೆಗೆ ಬೇಕಾದಷ್ಟೇ ಡಬ್ಬಿಯಲ್ಲಿ, ಅಳತೆ ಮತ್ತು ತಾರೀಕು ಬರೆದು ಇಡಿ. ಕರಗಿದಾಗ ಹಣ್ಣು ನೀರು ಬಿಡುತ್ತದೆ, ಅದನ್ನು ಚೆಲ್ಲದೆ ಹಿಟ್ಟಿಗೇ ಸೇರಿಸಿ. ಒಮ್ಮೆ ಪೂರ್ತಿ ಕರಗಿ ಬೆಚ್ಚಗಾದದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ರಾತ್ರಿಯಿಡೀ ವಿದ್ಯುತ್ ಇಲ್ಲದಿದ್ದರೆ ಬೆಳಗ್ಗೆಯೇ ತೆಗೆದು ನೋಡಿ, ಇನ್ನೂ ತಣ್ಣಗಿದ್ದರೆ ಒಲೆಗೆ ಏರಿಸಿಬಿಡಿ.

ಹಟ್ಟಿಗೆ ಹೋಗುವ ಪಾಲು

ಹಲಸಿನ ರಚ್ಚೆ (ಸೊಳೆ ತೆಗೆದ ಮೇಲೆ ಉಳಿಯುವ ಭಾಗ), ಬಾಳೆ ಸಿಪ್ಪೆ, ಹಿಂಡಿದ ಮಾವಿನ ಸಿಪ್ಪೆ ದನಗಳಿಗೆ ಇಷ್ಟ. ಇಷ್ಟವೆಂದು ಬುಟ್ಟಿಗಟ್ಟಲೆ ಹಾಕಬಾರದು. ಸಿಹಿ ಹಣ್ಣು ಒಮ್ಮೆಲೇ ಹೆಚ್ಚು ಹೊಟ್ಟೆ ಸೇರಿದರೆ ಹಸುವಿನ ಮೊದಲ ಹೊಟ್ಟೆಯಲ್ಲಿ ಆಮ್ಲ ಏರಿ, ಮೇವು ಬಿಟ್ಟು, ಹೊಟ್ಟೆ ಉಬ್ಬರಿಸಿ ಮಲಗುತ್ತದೆ. ಹಲಸಿನ ಕಾಲದಲ್ಲಿ ಪಶುವೈದ್ಯರಿಗೆ ಬರುವ ಕರೆಗಳಲ್ಲಿ ಇದೂ ಒಂದು. ಹುಲ್ಲಿನ ಜೊತೆ ಒಂದೆರಡು ಹಿಡಿ ಸಾಕು. ಮರದಡಿ ಬಿದ್ದ ಹಣ್ಣಿನ ಹತ್ತಿರ ದನವನ್ನು ಕಟ್ಟುವುದೂ ಬೇಡ. ಬೂಷ್ಟು ಬಂದದ್ದು, ಹುಳಿತದ್ದು ಹಸುವಿಗೂ ಆಗದು, ಅದು ಗೊಬ್ಬರದ ಗುಂಡಿಗೇ. ಗುಂಡಿಯಲ್ಲಿ ಅದರ ಮೇಲೆ ಒಣ ತರಗೆಲೆ ಅಥವಾ ಬೂದಿ ಒಂದು ಪದರ ಹಾಕಿ, ಇಲ್ಲದಿದ್ದರೆ ಹಣ್ಣುನೊಣ ಅಲ್ಲಿಂದಲೇ ಎದ್ದು ಮರದಲ್ಲಿ ಉಳಿದ ಮಾವನ್ನು ಹುಡುಕಿಕೊಂಡು ಹೋಗುತ್ತದೆ.